ಅಫರ್ಮೇಶನ್‌ನಿಂದ ಆತ್ಮವಿಶ್ವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪಿಜಿಗಳಲ್ಲಿ, ಕೋಚಿಂಗ್ ಸೆಂಟರುಗಳಲ್ಲಿ, ಆಫೀಸಿನ ಕ್ಯಾಂಟೀನುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಹೊಸಬರು ಮೊದಲಿಂದ ಓದಿ. ಈಗಾಗಲೇ ಮಾಡುತ್ತಿದ್ದು ಫಲ ಕಾಣದವರು ‘ಎಡವುವ ಕಡೆ’ ಎಂಬ ಭಾಗದಿಂದ ಶುರು ಮಾಡಬಹುದು.

## ಶುರು ಮಾಡುವ ಮುನ್ನ

ಅಫರ್ಮೇಶನ್ ಅಂದ್ರೆ ಕನ್ನಡಿ ಮುಂದೆ ನಿಂತು ನಮ್ಮನ್ನ ನಾವೇ ಹೊಗಳಿಕೊಳ್ಳೋದಾ?

ಹೊಗಳಿಕೆಯೂ ಬೇಕಿಲ್ಲ, ಕನ್ನಡಿಯೂ ಬೇಕಿಲ್ಲ. ನಿಮ್ಮ ಬಗ್ಗೆ ಅಥವಾ ನಿಮ್ಮ ಕೈಲಾಗುವ ಕೆಲಸದ ಬಗ್ಗೆ ನೀವೇ ಆರಿಸಿಕೊಂಡು ದಿನವೂ ಹೇಳಿಕೊಳ್ಳುವ ಚಿಕ್ಕ ವಾಕ್ಯ ಅದು. ಮನಸ್ಸಿನೊಳಗೆ ನಾವು ಹೇಗೂ ದಿನವಿಡೀ ಮಾತಾಡಿಕೊಳ್ಳುತ್ತಲೇ ಇರುತ್ತೇವೆ. ‘ನನ್ನ ಹಣೆಬರಹವೇ ಇಷ್ಟು’, ‘ನನ್ನಂಥವರಿಗೆಲ್ಲ ಇದು ಆಗಿಬರಲ್ಲ’ ಎಂಬುವೂ ದಿನವೂ ಹೇಳಿಕೊಳ್ಳುವ ವಾಕ್ಯಗಳೇ. ಅವನ್ನು ನಾವು ಆರಿಸಿಕೊಂಡಿರುವುದಿಲ್ಲ, ಯಾರೋ ಯಾವಾಗಲೋ ಅಂದದ್ದು ನಾಲಿಗೆಗೆ ಅಂಟಿರುತ್ತದೆ. ಆ ಜಾಗದಲ್ಲಿ ನಿಜವೂ ಆಗಿರುವ, ಮುಂದಿನ ಹೆಜ್ಜೆಗೆ ಧೈರ್ಯವನ್ನೂ ಕೊಡುವ ಒಂದು ಮಾತನ್ನು ತಂದು ಕೂರಿಸಬೇಕು.

ಇದು ಕೆಲಸ ಮಾಡುತ್ತೆ ಅನ್ನೋದಕ್ಕೆ ಏನಾದ್ರೂ ಆಧಾರ ಇದೆಯಾ, ಇಲ್ಲ ಸುಮ್ನೆ ಮಾತಾ?

ಆಧಾರ ಇದೆ. ಆದರೆ ‘ಹೇಳಿಕೊಂಡರೆ ಸಾಕು, ಆಗುತ್ತದೆ’ ಎನ್ನುವುದಕ್ಕೆ ಆಧಾರವಿಲ್ಲ.

ಈ ಪದ್ಧತಿಯನ್ನು ಮನೆಮಾತು ಮಾಡಿದವನು ಫ್ರಾನ್ಸಿನ ನಾನ್ಸಿ ಊರಿನಲ್ಲಿದ್ದ ಔಷಧಿ ವ್ಯಾಪಾರಿ ಎಮಿಲ್ ಕುಯೆ (1857–1926). ‘ದಿನದಿನಕ್ಕೂ ನಾನು ಎಲ್ಲ ರೀತಿಯಲ್ಲೂ ಸುಧಾರಿಸುತ್ತಿದ್ದೇನೆ’ ಎಂಬರ್ಥದ ವಾಕ್ಯವನ್ನು ಎದ್ದ ಕೂಡಲೇ ಮತ್ತು ಮಲಗುವ ಮುನ್ನ 20 ಸಲ ಹೇಳಿಸುತ್ತಿದ್ದ. ಎಣಿಕೆಗೆ 20 ಗಂಟು ಹಾಕಿದ ದಾರ. ಇಂದಿನ ಬಹುಪಾಲು ವಿಧಾನಗಳು ಇದರ ಮರಿಗಳೇ.

ಸಂಶೋಧಕರು ಪರೀಕ್ಷೆಗೆ ಒಡ್ಡಿದಾಗ ಚಿತ್ರ ಅಷ್ಟು ಸಲೀಸಾಗಿ ಕಾಣಲಿಲ್ಲ. 2009ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಎಂಬ ವಾಕ್ಯವನ್ನು ಜನರಿಂದ ಮತ್ತೆ ಮತ್ತೆ ಹೇಳಿಸಿದರು. ಮೊದಲೇ ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಸ್ವಲ್ಪ ಹಿತವಾಯಿತು. ಯಾರಿಗೆ ಈ ಮಾತು ನಿಜಕ್ಕೂ ಬೇಕಿತ್ತೋ, ಅಂದರೆ ತಮ್ಮನ್ನು ತಾವು ಕೀಳಾಗಿ ಕಾಣುವವರಿಗೆ, ಆ ವಾಕ್ಯ ಹೇಳದೆ ಇದ್ದ ತಮ್ಮಂಥವರಿಗಿಂತ ಹೆಚ್ಚು ಬೇಸರವಾಯಿತು. ನಂಬಲಾಗದ ಮಾತು ಕಿವಿಗೆ ಬಿದ್ದರೆ ಮನಸ್ಸು ಅದರ ವಿರುದ್ಧ ಪುರಾವೆ ಹುಡುಕಲು ಹೊರಡುತ್ತದೆ.

ಇನ್ನೊಂದು ಆಧಾರ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರದು. ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಹುಟ್ಟುವ ನಾಲ್ಕು ಮೂಲಗಳನ್ನು ಅವರು 1977ರಲ್ಲಿ ಹೇಳಿದರು: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರೇ ಮಾಡಿದ್ದನ್ನು ನೋಡುವುದು, ಯಾರಾದರೂ ಹೇಳುವ ಧೈರ್ಯದ ಮಾತು, ಮೈಯ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ಬರಿಯ ಮಾತು ಬೇಗ ಕರಗುತ್ತದೆ. ಈ ಪುಟದ ಎಲ್ಲ ಸಲಹೆಗಳೂ ಇದರ ಮೇಲೆಯೇ ನಿಂತಿವೆ: ವಾಕ್ಯ ನಂಬುವಂತಿರಬೇಕು, ಅದರ ಬೆನ್ನಿಗೇ ಒಂದು ಕೆಲಸ ಇರಬೇಕು.

ಜಪ ಮಾಡೋದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಜಪದ ಗುರಿ ದೇವರು ಅಥವಾ ಏಕಾಗ್ರತೆ. ಇಲ್ಲಿ ಗುರಿ ನಿಮ್ಮ ನಾಳಿನ ನಡೆ. ಜಪದ ಅಕ್ಷರ ಬದಲಿಸುವಂತಿಲ್ಲ, ಇಲ್ಲಿ ವಾಕ್ಯ ಹೊಂದದಿದ್ದರೆ ಬದಲಿಸಲೇಬೇಕು. ದಿನವೂ ಪೂಜೆ, ಧ್ಯಾನ, ನಮಾಜು ಮಾಡುವವರು ಅದು ಮುಗಿದ ಮೇಲಿನ ಎರಡು ನಿಮಿಷವನ್ನು ಇದಕ್ಕೆ ಇಟ್ಟುಕೊಂಡರೆ ಸಮಯ ಹುಡುಕುವ ಕಷ್ಟವಿಲ್ಲ.

## ವಾಕ್ಯ ಕಟ್ಟುವುದು

‘ನಾನು ಯಶಸ್ವಿ, ನಾನು ಅದ್ಭುತ’ ಅಂತ ಹೇಳ್ಕೊಂಡ್ರೆ ನನಗೇ ನಗು ಬರುತ್ತೆ. ನನ್ನಲ್ಲೇ ಏನಾದ್ರೂ ತೊಂದರೆ ಇದೆಯಾ?

ನಿಮ್ಮಲ್ಲಿಲ್ಲ, ವಾಕ್ಯದಲ್ಲಿದೆ. ವಾಕ್ಯವನ್ನು ಒಮ್ಮೆ ಹೇಳಿ, ‘ಇದನ್ನು ನಾನು ಎಷ್ಟು ನಂಬುತ್ತೇನೆ?’ ಎಂದು 10ಕ್ಕೆ ಅಂಕ ಕೊಡಿ. 7 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇಟ್ಟುಕೊಳ್ಳಿ. 4ರಿಂದ 6 ಬಂದರೆ ಮೆದು ಮಾಡಿ. ‘ಕಲಿಯುತ್ತಿದ್ದೇನೆ’, ‘ಮೊದಲಿಗಿಂತ’, ‘ಇವತ್ತಿನ ಮಟ್ಟಿಗೆ’ ಎಂಬ ಮಾತುಗಳನ್ನು ಸೇರಿಸಿದರೆ ಸಾಮಾನ್ಯವಾಗಿ ಅಂಕ ಮೇಲೇರುತ್ತದೆ. 3 ಅಥವಾ ಕಡಿಮೆ ಬಂದರೆ ಬಿಟ್ಟುಬಿಡಿ. ‘ನಾನು ಒಳ್ಳೆಯ ಮಾತುಗಾರ’ ಎಂಬುದಕ್ಕೆ 2 ಕೊಡುವವರು ‘ಗೊತ್ತಿರುವ ವಿಷಯವನ್ನು ಇಬ್ಬರ ಮುಂದೆ ನಾನು ಸರಿಯಾಗಿ ಹೇಳಬಲ್ಲೆ’ ಎಂಬುದಕ್ಕೆ 8 ಕೊಡುತ್ತಾರೆ. ಎರಡನೆಯದೇ ಉಪಯೋಗಕ್ಕೆ ಬರುವುದು.

ಈ 7ರ ಗೆರೆ ಪ್ರಯೋಗಾಲಯದಿಂದ ಬಂದದ್ದೇನಲ್ಲ, ಬಳಕೆಗೆ ಹಾಕಿಕೊಂಡ ಗೆರೆ.

ಒಳ್ಳೆ ವಾಕ್ಯ ಬರೆಯೋದು ಹೇಗೆ? ಹಂತ ಹಂತವಾಗಿ ಹೇಳಿ.

ಒಂದು ಹಾಳೆ, ಪೆನ್ನು, ಇಪ್ಪತ್ತು ನಿಮಿಷ ಸಾಕು.

1. ನಿಮ್ಮನ್ನು ನೀವು ಬೈದುಕೊಳ್ಳುವ ಮಾತನ್ನು ಇದ್ದಂತೆಯೇ ಬರೆಯಿರಿ. ‘ನಾನೊಂದು ದಂಡ’ ಅಂತಿದ್ದರೆ ಅದನ್ನೇ.
2. ಅದು ಯಾವ ಸಂದರ್ಭದಲ್ಲಿ ಬರುತ್ತದೆ ಎಂದು ಪಕ್ಕದಲ್ಲಿ ಬರೆಯಿರಿ. ‘ಯಾವಾಗಲೂ’ ಎಂದು ಬರೆಯಬೇಡಿ. ‘ಮ್ಯಾನೇಜರ್ ಕೋಡ್ ನೋಡುವಾಗ’, ‘ಅತ್ತೆ ಮನೆಯವರ ಎದುರು’ ಎಂಬಷ್ಟು ನಿಖರವಾಗಿರಲಿ.
3. ಆ ಮಾತನ್ನು ಸುಳ್ಳು ಮಾಡುವ ಒಂದೇ ಒಂದು ನಡೆದ ಸಂಗತಿ ಹುಡುಕಿ. ಚಿಕ್ಕದಾದರೂ ಸರಿ, ಆದರೆ ನಡೆದಿರಬೇಕು.
4. ಆ ಸಂಗತಿಯಿಂದ ವಾಕ್ಯ ತೆಗೆಯಿರಿ. ಹತ್ತು ಪದ ಮೀರಬಾರದು. ಬೇರೆಯವರ ವರ್ತನೆ ಅದರಲ್ಲಿ ಇರಬಾರದು. ‘ಎಲ್ಲರೂ ನನ್ನನ್ನು ಮೆಚ್ಚುತ್ತಾರೆ’ ಎಂಬುದು ನಿಮ್ಮ ಕೈಯಲ್ಲಿಲ್ಲ. ‘ತಪ್ಪು ಸಿಕ್ಕರೆ ಕೂತು ಸರಿಮಾಡುತ್ತೇನೆ’ ಎಂಬುದು ಇದೆ.
5. ಬಾಯಿಬಿಟ್ಟು ಹೇಳಿ, ಅಂಕ ಕೊಡಿ.

ಒಮ್ಮೆಗೆ ಒಂದು ವಾಕ್ಯ, ಹೆಚ್ಚೆಂದರೆ ಎರಡು. ಹದಿನೈದು ವಾಕ್ಯದ ಪಟ್ಟಿ ಇಟ್ಟುಕೊಂಡವರು ಸಾಮಾನ್ಯವಾಗಿ ಎರಡನೇ ವಾರಕ್ಕೆ ಕೈಬಿಡುತ್ತಾರೆ, ಯಾಕೆಂದರೆ ಓದಿ ಮುಗಿಸುವುದೇ ಕೆಲಸವಾಗುತ್ತದೆ.

‘ನಾನು ಹೆದರಲ್ಲ’ ಅಂತ ಹೇಳ್ಕೊಳ್ಳಬಾರದಂತೆ. ಯಾಕೆ?

1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ತಮ್ಮ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ‘ಬಿಳಿ ಕರಡಿಯನ್ನು ನೆನೆಯಬೇಡಿ’ ಎಂದರು. ನೆನಪಾದಾಗಲೆಲ್ಲ ಗಂಟೆ ಬಾರಿಸಬೇಕಿತ್ತು, ಗಂಟೆ ಬಾರಿಸುತ್ತಲೇ ಇತ್ತು. ಬೇಡವೆಂದದ್ದನ್ನು ಕಾಯಲು ಮನಸ್ಸು ಅದನ್ನೇ ನೋಡುತ್ತಿರಬೇಕಾಗುತ್ತದೆ. ಹಾಗಾಗಿ ಹೆದರಿಕೆಯ ಹೆಸರೆತ್ತದೆ, ಆ ಹೊತ್ತಿಗೆ ಏನು ಮಾಡುತ್ತೀರಿ ಎಂಬುದನ್ನು ಹೇಳಿ: ‘ನಿಧಾನವಾಗಿ, ಒಂದೊಂದೇ ಮಾತಾಗಿ ಹೇಳುತ್ತೇನೆ.’

ಕನ್ನಡದಲ್ಲಿ ಹೇಳ್ಕೊಳ್ಬೇಕಾ, ಇಂಗ್ಲಿಷಲ್ಲಾ? ಮನೇಲಿ ನಾವು ತೆಲುಗು ಮಾತಾಡೋದು.

ನಿಮ್ಮನ್ನು ನೀವು ಯಾವ ಭಾಷೆಯಲ್ಲಿ ಬೈದುಕೊಳ್ಳುತ್ತೀರೋ ಅದರಲ್ಲೇ ಹೇಳಿಕೊಳ್ಳಿ. ಬೆಂಗಳೂರಿನಲ್ಲಿ ಮನೆಗೊಂದು ಭಾಷೆ, ಆಫೀಸಿಗೊಂದು, ಆಟೊದವರ ಜೊತೆ ಇನ್ನೊಂದು. ಹೆಚ್ಚಿನವರಿಗೆ ಒಳಗಿನ ಗೊಣಗಾಟ ಮನೆಯ ಭಾಷೆಯಲ್ಲೇ ಇರುತ್ತದೆ. ಗೊಣಗಾಟ ತೆಲುಗಿನಲ್ಲಿ, ಅಫರ್ಮೇಶನ್ ಇಂಗ್ಲಿಷಿನಲ್ಲಿ ಎಂದಾದರೆ ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಪುಸ್ತಕದ ಕನ್ನಡವೂ ಬೇಡ. ‘ನಾನು ಸಮರ್ಥಳಾಗಿದ್ದೇನೆ’ ಎಂದು ಯಾರೂ ಮನಸ್ಸಿನಲ್ಲಿ ಮಾತಾಡಿಕೊಳ್ಳುವುದಿಲ್ಲ. ‘ಮಾಡಿದೀನಿ, ಮತ್ತೆ ಮಾಡ್ತೀನಿ’ ಅನ್ನಿ. ಹಾಸನದವರು ಹಾಸನದಂತೆ, ಧಾರವಾಡದವರು ‘ಮಾಡೇನಿ, ಮತ್ತ ಮಾಡತೇನಿ’ ಅಂತಲೇ ಹೇಳಿಕೊಳ್ಳಲಿ.

## ದಿನದ ಅಭ್ಯಾಸ

ದಿನಕ್ಕೆ ಎಷ್ಟು ಸಲ ಹೇಳಬೇಕು? ಬೆಳಗ್ಗೆನಾ, ರಾತ್ರಿನಾ?

ಬೆಳಗ್ಗೆ ಐದಾರು ಸಲ, ನಿಧಾನವಾಗಿ, ಪ್ರತಿ ಸಲದ ನಡುವೆ ಒಂದು ಉಸಿರು ಬಿಟ್ಟು. ಒಂದೂವರೆ ನಿಮಿಷಕ್ಕಿಂತ ಹೆಚ್ಚು ಬೇಡ. ಇಪ್ಪತ್ತು, ಐವತ್ತು ಸಲ ಹೇಳುವಾಗ ಮಾತು ಬಾಯಿಯಲ್ಲಿರುತ್ತದೆ, ಗಮನ ಗ್ಯಾಸ್ ಸಿಲಿಂಡರಿನ ಮೇಲಿರುತ್ತದೆ.

ಯಾವ ಹೊತ್ತು ಎನ್ನುವುದಕ್ಕಿಂತ ಯಾವ ಕೆಲಸದ ಹಿಂದೆ ಎನ್ನುವುದು ಮುಖ್ಯ. ಹಲ್ಲುಜ್ಜಿದ ಮೇಲೆ, ಕಾಫಿ ಲೋಟ ಕೈಗೆ ಬಂದಾಗ, ಗಾಡಿಗೆ ಕೀ ಹಾಕುವ ಮುನ್ನ, ಹೀಗೆ ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿ. ಹೇಳಿ ಮುಗಿಸಿದ ಅರ್ಧ ಗಂಟೆಯೊಳಗೆ ಅದಕ್ಕೆ ಹೊಂದುವ ಚಿಕ್ಕ ಕೆಲಸವೊಂದನ್ನು ಮಾಡಿ: ಮುಂದೂಡುತ್ತಿದ್ದ ಒಂದು ಇಮೇಲ್, ಒಂದು ಲೆಕ್ಕ, ಒಂದು ಫೋನ್. ಹಾಲು ಬೆಚ್ಚಗಿರುವಾಗಲೇ ಹೆಪ್ಪು ಹಾಕಬೇಕು, ತಣ್ಣಗಾದ ಮೇಲೆ ಹಾಕಿದರೆ ಮೊಸರಾಗುವುದಿಲ್ಲ.

ರಾತ್ರಿ ವಾಕ್ಯ ಹೇಳುವುದರ ಬದಲು ಪುಸ್ತಕ ತೆರೆಯಿರಿ. ಚಿಕ್ಕ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ಆ ದಿನ ವಾಕ್ಯಕ್ಕೆ ಸಾಕ್ಷಿಯಾದ ಒಂದು ಸಂಗತಿಯನ್ನು ಒಂದೇ ಸಾಲಿನಲ್ಲಿ ಬರೆಯಿರಿ. ‘ಮೀಟಿಂಗಲ್ಲಿ ಒಂದು ಪ್ರಶ್ನೆ ಕೇಳಿದೆ’ ಅಷ್ಟೇ. ಇಡೀ ಅಭ್ಯಾಸದಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾವು ಈ ನೋಟ್‌ಬುಕ್ಕನ್ನೇ ಉಳಿಸಿಕೊಳ್ಳುತ್ತೇವೆ. ತಿಂಗಳಾದ ಮೇಲೆ ಮನಸ್ಸು ‘ನಿನ್ನಿಂದ ಏನಾಗಿದೆ?’ ಎಂದಾಗ ತೋರಿಸಲು ಮೂವತ್ತು ಸಾಲು ಇರುತ್ತವೆ.

ಪಿಜಿಯಲ್ಲಿ ಒಂದೇ ರೂಮಲ್ಲಿ ಮೂರು ಜನ. ಜೋರಾಗಿ ಹೇಳೋಕೆ ನಾಚಿಕೆ. ಮನಸ್ಸಲ್ಲೇ ಹೇಳಿದ್ರೆ ಆಗಲ್ವಾ?

ಆಗುತ್ತದೆ, ಆದರೆ ಮನಸ್ಸಿನಲ್ಲಿ ಹೇಳುವಾಗ ಅರ್ಧಕ್ಕೇ ಬೇರೆ ಯೋಚನೆಗೆ ಜಾರುವುದು ಸುಲಭ. ಕೈಯಲ್ಲಿ ಬರೆಯುವುದು ಒಳ್ಳೆಯ ಬದಲಿ; ಮೂರು ಸಲ ಬರೆದರೆ ಸಾಕು. ಮೆಟ್ರೊದಲ್ಲಿ ಓಡಾಡುವವರು ದಿನವೂ ದಾಟುವ ಒಂದು ನಿಲ್ದಾಣವನ್ನು ಗುರುತಿಟ್ಟುಕೊಳ್ಳಬಹುದು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದಿಂದ ನೇರಳೆಗೆ ಬದಲಿಸುವಾಗ ಎಸ್ಕಲೇಟರ್ ಮೇಲೆ ನಿಂತಿರುವ ಹೊತ್ತು ಇದಕ್ಕೆ ಹೇಳಿ ಮಾಡಿಸಿದಂತಿದೆ. ಬೈಕ್ ಓಡಿಸುವವರು ಹೆಲ್ಮೆಟ್ಟಿನೊಳಗೆ ಬಾಯಿಬಿಟ್ಟು ಹೇಳಬಹುದು, ಆದರೆ ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ.

21 ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ ಅಂದ್ರು. ನನಗೆ ಆಗಿಲ್ಲ.

ಆ 21ರ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಮಾತು. ಬದಲಾದ ಮುಖಕ್ಕೆ ಒಗ್ಗಿಕೊಳ್ಳಲು ತಮ್ಮ ರೋಗಿಗಳಿಗೆ ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ‘ಕನಿಷ್ಠ’ ಎಂಬುದು ಬಾಯಿಂದ ಬಾಯಿಗೆ ದಾಟುವಾಗ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ, ಒಂದು ಹೊಸ ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಮಧ್ಯದ ಲೆಕ್ಕದಲ್ಲಿ 66 ದಿನ ಬೇಕೆಂದರು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನದವರೆಗೂ ಹಿಡಿಯುವ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವಾಗಲಿಲ್ಲ ಎಂಬುದೂ ಅದರಲ್ಲೇ ಕಂಡಿತು. ಹಾಗಾಗಿ ತಪ್ಪಿದರೆ ಮೊದಲಿಂದ ಎಣಿಸಬೇಡಿ, ಮರುದಿನ ಮುಂದುವರಿಸಿ.

ರಾತ್ರಿ ಮಲಗೋವಾಗ ಯೂಟ್ಯೂಬಲ್ಲಿ ಅಫರ್ಮೇಶನ್ ಆಡಿಯೊ ಹಾಕಿಟ್ಕೊಂಡ್ರೆ ಸಾಕಾ?

ಸಾಲದು. ಬೇರೆಯವರು ಬರೆದ ವಾಕ್ಯ, ಬೇರೆಯವರ ದನಿ, ಜೊತೆಗೆ ನಿದ್ದೆಗೂ ಅಡ್ಡಿ. ನಿದ್ದೆ ಕೆಟ್ಟರೆ ಮರುದಿನದ ಆತ್ಮವಿಶ್ವಾಸಕ್ಕೆ ಮೊದಲ ಪೆಟ್ಟು.

## ಸಂದರ್ಭಕ್ಕೆ ತಕ್ಕಂತೆ

ಕನ್ನಡ ಮೀಡಿಯಂನಲ್ಲಿ ಓದಿದೋನು ನಾನು. ಕೆಲಸ ಚೆನ್ನಾಗೇ ಮಾಡ್ತೀನಿ, ಆದ್ರೆ ಮೀಟಿಂಗಲ್ಲಿ ಬಾಯೇ ಬರಲ್ಲ. ಏನು ಹೇಳ್ಕೊಳ್ಳಲಿ?

ಈ ಊರಿನಲ್ಲಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಎಷ್ಟೋ ಸಮರ್ಥರು ಇದೊಂದೇ ಕಾರಣಕ್ಕೆ ಹಿಂದಿನ ಕುರ್ಚಿಯಲ್ಲಿ ಉಳಿದುಬಿಡುತ್ತಾರೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

‘ನನ್ನ ಇಂಗ್ಲಿಷ್ ಸೂಪರ್’ ಎಂದು ಹೇಳಿಕೊಳ್ಳಬೇಡಿ. ಮನಸ್ಸು ಒಪ್ಪುವುದಿಲ್ಲ, ಮೀಟಿಂಗಿನಲ್ಲಿ ಒಂದು ವ್ಯಾಕರಣ ತಪ್ಪಿದರೂ ಆ ವಾಕ್ಯ ಕುಸಿಯುತ್ತದೆ. ನಿಮ್ಮ ಬಲ ಭಾಷೆಯಲ್ಲಿಲ್ಲ, ವಿಷಯದಲ್ಲಿದೆ. ವಾಕ್ಯವೂ ಅಲ್ಲಿಂದಲೇ ಬರಲಿ: ‘ಈ ಕೆಲಸ ನನಗೆ ಗೊತ್ತು. ಚಿಕ್ಕ ವಾಕ್ಯದಲ್ಲಿ ಹೇಳ್ತೀನಿ.’

ಇದರ ಜೊತೆಗೆ ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂಬ ಒಂದು ಕಟ್ಟು ಬೇಕು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1990ರ ದಶಕದಿಂದ ತೋರಿಸುತ್ತಾ ಬಂದಂತೆ, ಸಂದರ್ಭವನ್ನೂ ಕ್ರಿಯೆಯನ್ನೂ ಮೊದಲೇ ಜೋಡಿಸಿಟ್ಟವರು ಬರೀ ‘ಮಾಡುತ್ತೇನೆ’ ಎಂದುಕೊಂಡವರಿಗಿಂತ ಹೆಚ್ಚಾಗಿ ಮಾಡಿ ಮುಗಿಸುತ್ತಾರೆ. ನಿಮ್ಮ ಕಟ್ಟು ಹೀಗಿರಬಹುದು: ‘ಏನಾದರೂ ಪ್ರಶ್ನೆ ಇದೆಯಾ ಎಂದು ಕೇಳಿದ ಕೂಡಲೇ ನಾನು ಮೈಕ್ ಆನ್ ಮಾಡುತ್ತೇನೆ.’ ಏನು ಮಾತಾಡಬೇಕು ಎಂಬುದು ಇಲ್ಲಿ ಇಲ್ಲ, ಬೆರಳಿನ ಕೆಲಸ ಮಾತ್ರ ಇದೆ. ಮೈಕ್ ಆನ್ ಆದ ಮೇಲೆ ಮಾತು ಹೊರಡಿಸುವುದು ಅಷ್ಟು ಕಷ್ಟವಲ್ಲ.

ಮೊದಲ ವಾರ ಮೀಟಿಂಗಿಗೆ ಹತ್ತು ನಿಮಿಷ ಮುಂಚೆ ಒಂದು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು, ಓದಿಯೇ ಕೇಳಿ. ಎರಡನೇ ವಾರ ನಿಮ್ಮ ಕೆಲಸದ ಸ್ಥಿತಿಯನ್ನು ಎರಡು ವಾಕ್ಯದಲ್ಲಿ ಹೇಳಿ. ಮೂರನೇ ವಾರ ಬೇರೆಯವರ ಮಾತಿಗೆ ಒಂದು ಪ್ರತಿಕ್ರಿಯೆ. ಪ್ರತಿ ಸಲವೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಎಡವಿದ ದಿನ ‘ಎಲ್ಲರೂ ನಕ್ಕರು’ ಎಂದು ಬರೆಯುವ ಮುನ್ನ ನಿಜವಾಗಿ ಎಷ್ಟು ಜನ ನಕ್ಕರು ಎಂದು ಎಣಿಸಿ. ಬಹಳ ಸಲ ಯಾರೂ ಇರುವುದಿಲ್ಲ. ನಿಮ್ಮಂತೆಯೇ ಕನ್ನಡ ಮೀಡಿಯಂನಿಂದ ಬಂದು ಈಗ ಮೀಟಿಂಗ್ ನಡೆಸುತ್ತಿರುವ ಸಹೋದ್ಯೋಗಿ ಇದ್ದರೆ ಅವರು ಮಾತಾಡುವ ರೀತಿಯನ್ನು ಗಮನಿಸಿ. ಬಂಡೂರ ಹೇಳಿದ ಎರಡನೇ ಮೂಲ ಇದೇ.

ಇಂಟರ್ವ್ಯೂ ರೂಮಿನ ಹೊರಗೆ ಕೂತಾಗ ಕೈ ನಡುಗುತ್ತೆ. ‘ಶಾಂತವಾಗಿದ್ದೇನೆ’ ಅಂದ್ಕೊಂಡ್ರೂ ಕೇಳಲ್ಲ.

ಎದೆ ಬಡಿಯುತ್ತಿರುವಾಗ ‘ಶಾಂತ’ ಎಂದರೆ ಮೈಯೇ ಸುಳ್ಳು ಎನ್ನುತ್ತದೆ. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುನ್ನ ‘ನನಗೆ ಹುರುಪಾಗಿದೆ’ ಎಂದುಕೊಂಡವರು ‘ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ಚೆನ್ನಾಗಿ ಮಾತಾಡಿದರು. ಬಡಿತ ಎರಡಕ್ಕೂ ಒಂದೇ, ಹೆಸರು ಬದಲಾಯಿತು ಅಷ್ಟೆ. ‘ಮೈ ತಯಾರಾಗ್ತಿದೆ’ ಅನ್ನಿ.

ಅದಕ್ಕೂ ಮೊದಲು ಒಂದು ನಿಮಿಷ ಉಸಿರು: ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ, ಆರು ಸಲ. ಆಮೇಲೆ ನಿಮ್ಮ ಹೆಸರು ಹಿಡಿದೇ ಮಾತಾಡಿಕೊಳ್ಳಿ. ‘ಸುಮಾ, ಓದಿದೀಯ. ಮೊದಲನೇ ಉತ್ತರ ನಿಧಾನವಾಗಿ ಹೇಳು.’ ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ತಂಡ 2014ರಲ್ಲಿ ಕಂಡಂತೆ, ‘ನಾನು’ ಎನ್ನುವ ಬದಲು ತಮ್ಮ ಹೆಸರು ಹಿಡಿದು ಹೇಳಿಕೊಂಡವರಿಗೆ ಒತ್ತಡದ ಹೊತ್ತಿನಲ್ಲಿ ಕಳವಳ ಕಡಿಮೆಯಿತ್ತು. ಅಕ್ಕನೋ ಗೆಳತಿಯೋ ಪಕ್ಕದಲ್ಲಿ ಕೂತು ಹೇಳಿದಂತಾಗಿ, ಕಳವಳದಿಂದ ಸ್ವಲ್ಪ ದೂರ ಸಿಗುತ್ತದೆ.

ಮಗಳು ಈ ಸಲ ಎಸ್ಸೆಸ್ಸೆಲ್ಸಿ. ಅವಳಿಗೂ ಹೇಳಿಕೊಡಬಹುದಾ?

ಕೊಡಬಹುದು, ಆದರೆ ವಾಕ್ಯ ಅವಳೇ ಬರೆಯಲಿ. ‘ನಾನು 600ಕ್ಕೂ ಮೇಲೆ ತೆಗೀತೀನಿ’ ಎಂದು ನೀವು ಬರೆದು ಗೋಡೆಗೆ ಅಂಟಿಸಿದರೆ ಅದು ಒತ್ತಡ. ‘ಗೊತ್ತಿಲ್ಲದ ಲೆಕ್ಕ ಬಂದರೆ ಮೊದಲ ಹೆಜ್ಜೆ ಬರೀತೀನಿ’ ಎಂಬುದು ಪರೀಕ್ಷಾ ಕೊಠಡಿಯೊಳಗೂ ಕೆಲಸಕ್ಕೆ ಬರುತ್ತದೆ.

ಅವಳ ವಾಕ್ಯಕ್ಕಿಂತ ನಿಮ್ಮ ಮಾತು ಹೆಚ್ಚು ಕೇಳಿಸುತ್ತದೆ ಎಂಬುದು ನೆನಪಿರಲಿ. ‘ನನ್ನ ಮಗಳು ಬಹಳ ಬುದ್ಧಿವಂತೆ’ ಎನ್ನುವುದರಲ್ಲೂ ಅಪಾಯವಿದೆ. ಕ್ಲೌಡಿಯಾ ಮ್ಯುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳ ಜೊತೆ ನಡೆಸಿದ ಪ್ರಯೋಗಗಳಲ್ಲಿ, ಬುದ್ಧಿಗಾಗಿ ಹೊಗಳಿಸಿಕೊಂಡ ಮಕ್ಕಳು ಕಷ್ಟದ ಪ್ರಶ್ನೆ ಬಂದಾಗ ಬೇಗ ಸೋತರು. ಪಟ್ಟ ಶ್ರಮಕ್ಕಾಗಿ ಹೊಗಳಿಸಿಕೊಂಡವರು ಹಿಡಿದು ಕೂತರು. ಪಕ್ಕದ ಮನೆಯ ಮಗುವಿನ ಅಂಕದ ಮಾತು ಮನೆಯೊಳಗೆ ಬರದಿದ್ದರೆ ಅರ್ಧ ಕೆಲಸ ಆದಂತೆ.

## ಎಡವುವ ಕಡೆ

ಹೇಳ್ತಾ ಹೇಳ್ತಾ ಇನ್ನೂ ಬೇಜಾರಾಗುತ್ತೆ. ಮುಂದುವರಿಸಲಾ?

ಬೇಡ, ಆ ವಾಕ್ಯವನ್ನು ಇವತ್ತೇ ನಿಲ್ಲಿಸಿ. ಮೇಲೆ ಹೇಳಿದ ವಾಟರ್ಲೂ ಪ್ರಯೋಗದಲ್ಲಿ ಆದದ್ದೇ ನಿಮಗೂ ಆಗುತ್ತಿದೆ. ಒಂದು ವಾರ ಬರೀ ನೋಟ್‌ಬುಕ್ ಇಡಿ. ಅದೂ ಭಾರವೆನಿಸಿದರೆ ಮೌಲ್ಯ ಬರೆಯುವ ವಿಧಾನ ಹಿಡಿಯಿರಿ. ಮನಶ್ಶಾಸ್ತ್ರಜ್ಞ ಕ್ಲಾಡ್ ಸ್ಟೀಲ್ 1988ರಲ್ಲಿ ಮುಂದಿಟ್ಟ ಸಿದ್ಧಾಂತದಿಂದ ಬೆಳೆದ ವಿಧಾನ ಅದು. ನಿಮಗೆ ಬದುಕಿನಲ್ಲಿ ಮುಖ್ಯವಾದ ಒಂದನ್ನು ಆರಿಸಿಕೊಳ್ಳಿ: ತಮ್ಮನ ಓದು, ಸಂಗೀತ, ಕೊಟ್ಟ ಮಾತಿಗೆ ನಿಲ್ಲುವುದು, ಏನಾದರೂ. ಅದು ಯಾಕೆ ಮುಖ್ಯ, ಯಾವಾಗ ಅದರಂತೆ ನಡೆದಿರಿ ಎಂದು ಹತ್ತು ಹದಿನೈದು ನಿಮಿಷ ಬರೆಯಿರಿ. ವಾರಕ್ಕೊಮ್ಮೆ ಸಾಕು. ಇಲ್ಲಿ ನಿಮ್ಮನ್ನು ನೀವು ಹೊಗಳಿಕೊಳ್ಳುವ ಪ್ರಸಂಗವೇ ಬರುವುದಿಲ್ಲ, ಆದ್ದರಿಂದ ಮನಸ್ಸು ಎದುರು ವಾದಕ್ಕೆ ನಿಲ್ಲುವುದಿಲ್ಲ. 2006ರಲ್ಲಿ ಅಮೆರಿಕದ ಶಾಲೆಯೊಂದರಲ್ಲಿ ಇಂಥ ಬರವಣಿಗೆ ಕಪ್ಪು ಸಮುದಾಯದ ಮಕ್ಕಳ ಅಂಕ ಸುಧಾರಿಸಿತು. ಆಮೇಲೆ ಬೇರೆ ಕಡೆಗಳಲ್ಲಿ ಮಾಡಿದಾಗ ಫಲ ಎಲ್ಲೆಡೆ ಒಂದೇ ತೆರನಾಗಿ ಬರಲಿಲ್ಲ ಎಂಬುದನ್ನೂ ಹೇಳಬೇಕು.

ದಿನಾ ನೂರು ಸಲ ‘ನನಗೆ ಕೆಲಸ ಸಿಕ್ಕಿದೆ’ ಅಂತ ಬರೆದ್ರೆ ನಿಜವಾಗ್ಲೂ ಸಿಗುತ್ತಾ?

ಇಲ್ಲ. ಅಷ್ಟೇ ಅಲ್ಲ, ಅದರಿಂದ ನಷ್ಟವೂ ಆಗಬಹುದು. ಗೇಬ್ರಿಯೆಲ್ ಓಟಿಂಗನ್ ಮತ್ತು ಹೆದರ್ ಕಾಪ್ಪಸ್ 2011ರಲ್ಲಿ ತೋರಿಸಿದಂತೆ, ಬೇಕಾದದ್ದು ಸಿಕ್ಕೇಬಿಟ್ಟಂತೆ ಕಲ್ಪಿಸಿಕೊಂಡು ಸುಖಪಟ್ಟವರ ಮೈಯಲ್ಲಿನ ಹುಮ್ಮಸ್ಸೇ ಇಳಿಯುತ್ತದೆ. ಬಯಕೆಯ ಪಕ್ಕದಲ್ಲೇ ನಿಮ್ಮೊಳಗಿನ ಅಡ್ಡಿಯನ್ನೂ ಬರೆಯಿರಿ. ‘ಕೆಲಸ ಬೇಕು. ಅಡ್ಡಿ: ರೆಸ್ಯೂಮೆ ಕಳಿಸುವ ಹೊತ್ತಿಗೆ ಮೊಬೈಲ್ ಹಿಡಿಯುತ್ತೇನೆ. ಊಟ ಆದ ಕೂಡಲೇ ಮೊಬೈಲ್ ಬೇರೆ ರೂಮಿನಲ್ಲಿಟ್ಟು ಎರಡು ಅರ್ಜಿ ಕಳಿಸುತ್ತೇನೆ.’ ನೂರು ಸಲ ಬರೆಯುವ ಸಮಯದಲ್ಲಿ ಆ ಎರಡು ಅರ್ಜಿ ಹೋಗಿರುತ್ತವೆ.

‘ಮಾಡ್ತೀನಿ’ ಅನ್ನೋದಕ್ಕಿಂತ ‘ಮಾಡ್ತೀನಾ?’ ಅಂತ ಕೇಳ್ಕೊಂಡ್ರೆ ಒಳ್ಳೇದಂತೆ, ಹೌದಾ?

2010ರ ಒಂದು ಪ್ರಯೋಗದಲ್ಲಿ ಇಬ್ರಾಹಿಂ ಸೆನಯ್ ಮತ್ತು ಸಂಗಡಿಗರಿಗೆ ಹಾಗೆ ಕಂಡಿತು: ಪ್ರಶ್ನೆಯ ರೂಪ ಬರೆದವರು ಅಕ್ಷರ ಜೋಡಿಸುವ ಒಗಟುಗಳನ್ನು ಹೆಚ್ಚು ಬಿಡಿಸಿದರು. ಅದೊಂದರ ಮೇಲೆಯೇ ಪೂರ್ತಿ ಭಾರ ಹಾಕಬಾರದು. ಆದರೆ ವಾಕ್ಯ ಹೇಳಿದರೆ ಒಳಗಿನಿಂದ ಜಗಳ ಏಳುವವರಿಗೆ ಇದು ಹೊಂದುತ್ತದೆ. ಒಂದು ಷರತ್ತು: ಕೇಳಿಕೊಂಡ ಮೇಲೆ ಉತ್ತರ ಕೊಡಲೇಬೇಕು. ‘ಇವತ್ತು ಮಾತಾಡ್ತೀನಾ? ಹೇಗೆ?’ ಆ ‘ಹೇಗೆ’ಗೆ ಉತ್ತರ ಸಿಗುವವರೆಗೆ ಬಿಡಬೇಡಿ.

ಇದೆಲ್ಲ ಬಿಟ್ಟು ಡಾಕ್ಟರ್ ಹತ್ರ ಯಾವಾಗ ಹೋಗ್ಬೇಕು?

ಎರಡು ವಾರಕ್ಕೂ ಹೆಚ್ಚು ದಿನದಿಂದ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಇಷ್ಟದ ಕೆಲಸದಲ್ಲೂ ಆಸೆ ಹೋಗಿದ್ದರೆ, ನಿದ್ದೆ ಊಟ ತಪ್ಪಿದ್ದರೆ ಅದು ಆತ್ಮವಿಶ್ವಾಸದ ಕೊರತೆ ಮಾತ್ರವಾಗಿರಲಾರದು, ಖಿನ್ನತೆ ಇರಬಹುದು. ವಾಕ್ಯಗಳಿಂದ ಅದನ್ನು ತಳ್ಳಲು ಹೋಗಬೇಡಿ. ಸಾಯುವ ಯೋಚನೆ ಬರುತ್ತಿದ್ದರೆ ಒಂದು ದಿನವೂ ಕಾಯಬೇಡಿ, ಪಕ್ಕದಲ್ಲಿರುವವರಿಗೆ ಈಗಲೇ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗವೂ ಇದೆ. ಚಿಕಿತ್ಸೆಯಲ್ಲಿರುವವರು ಅಫರ್ಮೇಶನ್ ಮಾಡುತ್ತಿದ್ದೇನೆಂದು ಮಾತ್ರೆ ನಿಲ್ಲಿಸಬಾರದು.

ಒಂದೇ ವಾಕ್ಯ ಎಷ್ಟು ದಿನ? ಯಾವಾಗ ಬದಲಿಸಬೇಕು?

ನಾಲ್ಕು ವಾರಕ್ಕೊಮ್ಮೆ 10ಕ್ಕೆ ಮತ್ತೆ ಅಂಕ ಕೊಡಿ. 7 ಇದ್ದದ್ದು 9 ಆಗಿದ್ದರೆ ಅದರ ಕೆಲಸ ಮುಗಿದಿದೆ. ಒಂದು ಮೆಟ್ಟಿಲು ಮೇಲಿನ ವಾಕ್ಯ ಬರೆಯಿರಿ, ‘ಇಬ್ಬರ ಮುಂದೆ’ ಇದ್ದದ್ದು ‘ಹತ್ತು ಜನರ ಮುಂದೆ’ ಆಗಲಿ. ಅಂಕ ಅಲ್ಲೇ ನಿಂತಿದ್ದರೆ ನೋಟ್‌ಬುಕ್ ತಿರುವಿ ನೋಡಿ. ಸಾಲುಗಳು ಕಡಿಮೆ ಇದ್ದರೆ ಕೊರತೆ ಕೆಲಸದಲ್ಲಿದೆ, ವಾಕ್ಯ ಬದಲಿಸಿ ಪ್ರಯೋಜನವಿಲ್ಲ; ಕೆಲಸವನ್ನು ಇನ್ನೂ ಚಿಕ್ಕದು ಮಾಡಿ. ಸಾಲುಗಳು ತುಂಬಿದ್ದೂ ಅಂಕ ಏರದಿದ್ದರೆ ವಾಕ್ಯ ನಿಮಗೆ ಮುಖ್ಯವಲ್ಲದ ಯಾವುದೋ ವಿಷಯದ ಬಗ್ಗೆ ಇರಬಹುದು. ಆಗ ಹೊಸ ಹಾಳೆ ತೆಗೆದು, ನಿಮ್ಮನ್ನು ನೀವು ಬೈದುಕೊಳ್ಳುವ ಮಾತಿನಿಂದ ಮತ್ತೆ ಶುರು ಮಾಡಿ.